ಹಾವಿನ ವಿಷದ ಮದ್ದು: ಪರೇಲಿನಿಂದ ಉಮರ್ಗಾದವರೆಗೆ

ಉಮರ್ಗಾ, ನಿಲಂಗಾ, ಉದಗೀರ ಎಂಬ ಹೆಸರುಗಳನ್ನು ಈ ವಾರ್ಷಿಕದ ಓದುಗರಲ್ಲಿ ಹೆಚ್ಚಿನವರು ಕೇಳಿರಲಾರರು. ಆದರೂ ಕಾಸರಗೋಡಿಗೂ ನಮ್ಮ ಈ ಮೂರು ಊರುಗಳಿಗೂ ಒಂದು ತಾರೀಖಿನ ನಂಟಿದೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿದ ದಿನವೇ, ನಿಜಾಮರ ಹಳೆಯ ಹೈದರಾಬಾದ್ ಸಂಸ್ಥಾನ ಒಡೆದು, ಬೀದರ ಜಿಲ್ಲೆಯಿಂದ ಉದಗೀರ, ನಿಲಂಗಾ, ಅಹ್ಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯದ ಪಾಲಾದವು. ಉಮರ್ಗಾ ತಾಲ್ಲೂಕು ಉಸ್ಮಾನಾಬಾದ ಜಿಲ್ಲೆಯೊಡನೆ ಅತ್ತಲೇ ಹೋಯಿತು. 1960ರಲ್ಲಿ ಮುಂಬಯಿ ರಾಜ್ಯ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾಗಿ ನಿಲಂಗಾ, ಉದಗೀರಗಳು ಅದಕ್ಕೆ ಸೇರಿದವು, 2023ರಲ್ಲಿ ಉಸ್ಮಾನಾಬಾದದ ಹೆಸರೇ ಧಾರಾಶಿವವಾಯಿತು. ಬ್ಯಾಂಕಿನ ಖಾತೆದಾರರ ವಿಳಾಸ ತಿದ್ದುವುದರಲ್ಲಿ ಅರ್ಧ ಆಯುಷ್ಯ ಕಳೆದ ನನ್ನಂಥ ಗುಮಾಸ್ತನಿಗೆ ಈ ಇತಿಹಾಸ ಬಾಯಿಪಾಠ.

ನಾನು ಬರೆಯಹೊರಟಿರುವುದು ಗಡಿಯ ಇತಿಹಾಸವಲ್ಲ, ಹಾವಿನ ವಿಷಕ್ಕೆ ಮದ್ದು ಕಂಡುಹಿಡಿದ ಇತಿಹಾಸ. ಇವೆರಡಕ್ಕೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಕಡೆ ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಒಯ್ದರೆ ಮೊದಲು ಎದುರಾಗುವ ಪ್ರಶ್ನೆ ಮರಾಠಿಯಲ್ಲಿರುತ್ತದೆ: ಯಾವ ಹಾವು? ಕಂಡವರು ಕನ್ನಡದವರಾದರೆ ಹೇಳುವ ಹೆಸರು ಬೇರೆ, ಬರೆದುಕೊಳ್ಳುವವರು ತಿಳಿಯುವ ಹಾವು ಬೇರೆ. ನಾವು ಕೊಳಕುಮಂಡಲ ಎನ್ನುವುದು ಮರಾಠಿಯಲ್ಲಿ ಘೋಣಸ್, ಮಲಯಾಳದಲ್ಲಿ ಅಣಲಿ. ನಮ್ಮ ಕಟ್ಟುಹಾವು ಅವರ ಮಣ್ಯಾರ, ತಮ್ಮ ಕಡೆಯ ವೆಳ್ಳಿಕೆಟ್ಟನ್. ಗರಗಸ ಮಂಡಲಕ್ಕೆ ಮರಾಠಿಯಲ್ಲಿ ಫುರ್ಸೆ ಎಂಬ ಪುಟ್ಟ ಹೆಸರು. ನಾಗರಹಾವೊಂದೇ ನಾಗ ಎಂದರೆ ಇಲ್ಲಿ ಎಲ್ಲರಿಗೂ ತಿಳಿಯುತ್ತದೆ. ಅದೂ ಮಲಯಾಳಕ್ಕೆ ಬಂದರೆ ಮೂರ್ಖನ್. ಕನ್ನಡದ ಕಿವಿಗೆ ಅದು ಬೇರೆಯೇ ಅರ್ಥ ಕೊಡುವುದು ತಮಾಷೆ.

ಈ ಹೆಸರುಗಳ ವಿಷಯವನ್ನು ಮೊದಲು ಗಂಭೀರವಾಗಿ ತೆಗೆದುಕೊಂಡ ಪರದೇಶದವನು ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗಶಾಸ್ತ್ರಜ್ಞನಾಗಿ ವಿಶಾಖಪಟ್ಟಣದಲ್ಲಿದ್ದು, ಹಾವುಗಳನ್ನು ತರಿಸಿ, ಚಿತ್ರ ಬರೆಸಿ, ಅವುಗಳ ಕಡಿತವನ್ನು ನಾಯಿ ಕೋಳಿಗಳ ಮೇಲೆ ಪರೀಕ್ಷಿಸಿ 1796ರಲ್ಲಿ ದೊಡ್ಡ ಪುಸ್ತಕ ಹೊರತಂದ. ಹಾವಿಗೆ ತಾನೇ ಹೆಸರಿಡದೆ ಊರಿನವರು ಕರೆಯುವ ತೆಲುಗು ಹೆಸರನ್ನೇ ಬರೆದುಕೊಂಡದ್ದು ಅವನ ದೊಡ್ಡತನ. ಕೊಳಕುಮಂಡಲವನ್ನು ಅವನು ದಾಖಲಿಸಿದ್ದು 'ಕಾಟುಕ ರೇಕುಲ ಪೊಡ' ಎಂದು. ಕಾಡಿಗೆಯ ಎಸಳಿನಂಥ ಮಚ್ಚೆಯುಳ್ಳದ್ದು ಎಂದು ಹೆಚ್ಚುಕಡಿಮೆ ಅರ್ಥ. ಆ ಹಾವನ್ನು ಒಮ್ಮೆ ನೋಡಿದವರು ಇದಕ್ಕಿಂತ ಒಳ್ಳೆಯ ಹೆಸರಿಲ್ಲ ಎಂದಾರು. ದುರ್ದೈವವೆಂದರೆ ವಿದ್ವಾಂಸರು ಆ ಚೆಲುವಾದ ಹೆಸರು ಬಿಟ್ಟು ರಸೆಲ್‌ನ ಹೆಸರನ್ನೇ ಹಾವಿಗೆ ಅಂಟಿಸಿದರು. ಆದರೆ ಕಟ್ಟುಹಾವಿನ ಕುಲಕ್ಕೆ ಇಂದಿಗೂ ಲೋಕವೆಲ್ಲ ಬಳಸುವ ಲ್ಯಾಟಿನ್ ಹೆಸರು 'ಬಂಗಾರಸ್'. ಅದು ಹುಟ್ಟಿದ್ದು ಹಳದಿ ಪಟ್ಟೆಯ ಕಟ್ಟುಹಾವಿಗೆ ತೆಲುಗರು ಹೇಳುತ್ತಿದ್ದ ಬಂಗಾರದ ಹಾವು ಎಂಬ ಮಾತಿನಿಂದ. ಬಂಗಾರ ನಮ್ಮ ಮಾತೂ ಹೌದಲ್ಲವೆ?

ರಸೆಲ್‌ಗಿಂತ ನಾನೂರು ವರ್ಷಕ್ಕೂ ಮೊದಲೇ ಕನ್ನಡದಲ್ಲಿ ವಿಷವೈದ್ಯದ ಗ್ರಂಥವಿತ್ತು. ಹದಿನಾಲ್ಕನೆಯ ಶತಮಾನದ ಜೈನ ಕವಿ ಮಂಗರಾಜನ 'ಖಗೇಂದ್ರಮಣಿದರ್ಪಣ'ದಲ್ಲಿ ಹಾವಿನ ವಿಷದ ಜೊತೆಗೆ ಇಲಿ, ಚೇಳು, ಗಿಡಮೂಲಿಕೆಗಳ ವಿಷವೂ ಬರುತ್ತದೆ. ಮಲಯಾಳ ನಾಡಿನಲ್ಲಿ ವಿಷವೈದ್ಯವನ್ನೇ ಕುಲವೃತ್ತಿ ಮಾಡಿಕೊಂಡ ಮನೆತನಗಳಿದ್ದವು. ಅವರ ಮದ್ದು ನಾಗರಹಾವಿನ ವಿಷವನ್ನು ಇಳಿಸುತ್ತಿತ್ತೇ ಎಂದರೆ, ಇಲ್ಲವೆಂದೇ ಹೇಳಬೇಕಾಗುತ್ತದೆ. ಆದರೆ ವಿಷದ ವೇಗ, ಲಕ್ಷಣ, ಕಡಿತದ ಗುರುತುಗಳನ್ನು ಅವರು ಕಣ್ಣಿಟ್ಟು ನೋಡಿ ಬರೆದಿಟ್ಟರು. ರೋಗ ಗುರುತಿಸುವ ಮಟ್ಟಿಗೆ ಅದು ಶಾಸ್ತ್ರವೇ.

ಕಂಪನಿ ಸರಕಾರ ಹೋಗಿ ರಾಣಿಯ ಸರಕಾರ ಬಂದ ಮೇಲೆ ಹಾವಿನ ಸಮಸ್ಯೆಯನ್ನು ಆಳುವವರು ತಮ್ಮ ರೀತಿಯಲ್ಲಿ, ಅಂದರೆ ಇನಾಮು ಕೊಟ್ಟು, ಬಿಡಿಸಲು ನೋಡಿದರು. ಕೊಂಕಣದ ರತ್ನಾಗಿರಿಯಲ್ಲಿ ಫುರ್ಸೆ ಹಾವು ಕಲ್ಲು ಎತ್ತಿದಲ್ಲೆಲ್ಲ. 1862ರಲ್ಲಿ ಅಲ್ಲಿ ಹಾವಿನ ತಲೆಗೆ ಎರಡಾಣೆ ಎಂದು ಸಾರಿದಾಗ ಎಂಟೇ ದಿನದಲ್ಲಿ ಲಕ್ಷಕ್ಕೂ ಮಿಕ್ಕಿದ ಹಾವುಗಳು ಕಚೇರಿಗೆ ಬಂದು ಬಿದ್ದವೆಂದು ಆ ಕಾಲದ ಬರಹಗಳಲ್ಲಿದೆ. ಖಜಾನೆ ಬೆದರಿತು. ಹಾವು ಮುಗಿಯಲಿಲ್ಲ. ಕಲಕತ್ತೆಯ ವೈದ್ಯಕೀಯ ಕಾಲೇಜಿನ ಜೋಸೆಫ್ ಫೇರರ್ ಇನ್ನೊಂದು ದಾರಿ ಹಿಡಿದ. ಜನ ನಂಬಿದ್ದ ಬೇರು, ಹಾವಿನ ಕಲ್ಲು, ಗುಳಿಗೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ಯಾವುದೂ ವಿಷಕ್ಕೆ ಮದ್ದಲ್ಲ ಎಂದು ತೀರ್ಮಾನಿಸಿದ. 1872ರಲ್ಲಿ ಅಚ್ಚಾದ ಅವನ ಗ್ರಂಥದ ಬಣ್ಣದ ಚಿತ್ರಗಳನ್ನು ಬರೆದವರು ಕಲಕತ್ತೆಯ ಕಲಾಶಾಲೆಯ ನಮ್ಮವರೇ ಆದ ವಿದ್ಯಾರ್ಥಿಗಳು. ಮದ್ದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುವುದಕ್ಕೂ ಎಷ್ಟೊಂದು ದುಡಿಮೆ ಬೇಕಾಯಿತು ನೋಡಿ.

ಮದ್ದಿನ ಬಾಗಿಲು ತೆರೆದದ್ದು ಬೇರೆ ಕಡೆಯಿಂದ. ಒಂದು ಪ್ರಾಣಿಗೆ ವಿಷವನ್ನು ಅಲ್ಪಾಲ್ಪವಾಗಿ ಚುಚ್ಚುತ್ತ ಹೋದರೆ ಅದರ ರಕ್ತದಲ್ಲಿ ಆ ವಿಷವನ್ನು ಹಿಡಿದು ನಿಲ್ಲಿಸುವ ವಸ್ತು ಹುಟ್ಟುತ್ತದೆ, ಆ ರಕ್ತದ ತಿಳಿಯನ್ನು ಇನ್ನೊಬ್ಬರಿಗೆ ಕೊಟ್ಟರೆ ಅವರಿಗೂ ರಕ್ಷಣೆ ಸಿಗುತ್ತದೆ ಎಂಬುದನ್ನು ಗಂಟಲಮಾರಿ ಮತ್ತು ಧನುರ್ವಾಯುಗಳ ವಿಷಯದಲ್ಲಿ 1890ರಲ್ಲಿ ಬೆರಿಂಗ್ ಮತ್ತು ಕಿಟಸಾಟೊ ತೋರಿಸಿದ್ದರು. 1891ರಲ್ಲಿ ಇಂದಿನ ವಿಯೆಟ್ನಾಮಿನ ಒಂದು ಊರಿನಲ್ಲಿ ನೆರೆ ಬಂದು ನಾಗರಹಾವುಗಳು ಜನವಸತಿಗೆ ನುಗ್ಗಿದವು. ಹಿಡಿದ ಹಾವುಗಳನ್ನು ಪೀಪಾಯಿಯಲ್ಲಿ ತುಂಬಿ ಸೈಗಾನಿನ ಪಾಶ್ಚರ್ ಸಂಸ್ಥೆಯ ಆಲ್ಬರ್ಟ್ ಕಾಲ್ಮೆಟ್ ಎಂಬ ಫ್ರೆಂಚ್ ವೈದ್ಯನಿಗೆ ಕಳಿಸಿದರು. ಅವನು ಅದೇ ತತ್ವವನ್ನು ಹಾವಿನ ವಿಷಕ್ಕೆ ಹಚ್ಚಿದ. 1894ರಲ್ಲಿ ಪ್ಯಾರಿಸ್ಸಿನಲ್ಲಿ ಫಿಸಾಲಿಕ್ಸ್ ಮತ್ತು ಬರ್ತ್ರಾಂದ್ ಎಂಬಿಬ್ಬರು ಯುರೋಪಿನ ಮಂಡಲದ ಹಾವಿನ ಮೇಲೆ ಇದೇ ಸಂಗತಿಯನ್ನು ಪ್ರಕಟಿಸಿದ ಹೊತ್ತಿಗೇ ಕಾಲ್ಮೆಟ್‌ನ ಶೋಧವೂ ಹೊರಬಿತ್ತು. ಸ್ವಲ್ಪ ಕಾಲದಲ್ಲೇ ಲೀಲ್ ನಗರದಲ್ಲಿ ಕುದುರೆಯ ರಕ್ತದಿಂದ ತೆಗೆದ ಪ್ರತಿವಿಷ ಸೀಸೆಗಳಲ್ಲಿ ತುಂಬಿ ಇಂಡಿಯಾಕ್ಕೂ ಬಂತು.

ಆದರೆ ಕಾಲ್ಮೆಟ್ ಒಂದು ಮಾತು ಹೆಚ್ಚಾಗಿ ಹೇಳಿದ್ದ: ನಾಗರಹಾವಿನ ವಿಷದಿಂದ ಮಾಡಿದ ತನ್ನ ಮದ್ದು ಎಲ್ಲ ಹಾವುಗಳ ವಿಷಕ್ಕೂ ನಡೆಯುತ್ತದೆ ಎಂದು. ಅದು ಸುಳ್ಳೆಂದು ತೋರಿಸಿದ ಕೆಲಸದಲ್ಲಿ ದೊಡ್ಡ ಪಾಲು ನಡೆದದ್ದು ನಮ್ಮ ಮುಂಬಯಿಯ ಪರೇಲಿನಲ್ಲಿ.

ಪರೇಲಿನ ಆ ಮನೆಯ ಕಥೆಯನ್ನು ಸ್ವಲ್ಪ ಹೇಳಲೇಬೇಕು. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿದಾಗ ರಷ್ಯಾ ಮೂಲದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಹಸ್ರಾರು ಜನ ಆ ಲಸಿಕೆ ಹಾಕಿಸಿಕೊಂಡರು. ಇಡೀ ದೇಶದಲ್ಲಿ ಅದರ ಫಲ ತಿಳಿಯಲು ನೋಡುತ್ತಿದ್ದ ಊರುಗಳಲ್ಲಿ ಹುಬ್ಬಳ್ಳಿ ಒಂದಾಯಿತು. 1899ರಲ್ಲಿ ಗವರ್ನರರ ಹಳೆಯ ಬಂಗಲೆಯನ್ನೇ ಸರಕಾರ ಹಾಫ್ಕಿನ್‌ನ ಪ್ರಯೋಗಾಲಯಕ್ಕೆ ಬಿಟ್ಟುಕೊಟ್ಟಿತು. 1925ರಿಂದ ಅದು ಹಾಫ್ಕಿನ್ ಸಂಸ್ಥೆ.

ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕೈದು ವರ್ಷಗಳಲ್ಲಿ ಅಲ್ಲಿ ಜಾರ್ಜ್ ಲ್ಯಾಂಬ್ ಎಂಬ ಸೇನಾ ವೈದ್ಯನಿದ್ದ. ಪ್ಲೇಗಿನ ಪ್ರಯೋಗಾಲಯದಲ್ಲಿ ಕುಳಿತು ಅವನು ಹಾವಿನ ವಿಷದ ಕೆಲಸ ಹಿಡಿದ. ಕೊಳಕುಮಂಡಲದ ವಿಷ ನಾಗರಹಾವಿನದರಂತೆ ಉಸಿರು ನಿಲ್ಲಿಸುವುದಿಲ್ಲ, ರಕ್ತದ ಮೇಲೆ ಕೈ ಹಾಕುತ್ತದೆ. ಮೊದಲು ನಾಳದೊಳಗೇ ಹೆಪ್ಪುಗಟ್ಟಿಸಿ, ಕೊನೆಗೆ ಹೆಪ್ಪುಗಟ್ಟುವ ಶಕ್ತಿಯನ್ನೇ ರಕ್ತದಿಂದ ಕಸಿದುಕೊಳ್ಳುತ್ತದೆ. ಇಂಥ ವಿಷಕ್ಕೆ ಲೀಲ್‌ನಿಂದ ಬಂದ ಮದ್ದು ಏನೂ ಮಾಡಲಾರದು ಎಂದು ಲ್ಯಾಂಬ್ ಖಚಿತವಾಗಿ ತೋರಿಸಿದ. ಆಸ್ಟ್ರೇಲಿಯಾದಲ್ಲಿ ಮಾರ್ಟಿನ್, ಬ್ರೆಜಿಲಿನಲ್ಲಿ ವಿತಾಲ್ ಬ್ರಜಿಲ್ ತಂತಮ್ಮ ಹಾವುಗಳಿಂದ ಇದೇ ಮಾತು ಹೇಳುತ್ತಿದ್ದರು. ಯಾವ ಹಾವಿನ ವಿಷವೋ ಅದರದೇ ಪ್ರತಿವಿಷ ಬೇಕು. ಇಂದು ಸಾಮಾನ್ಯ ಜ್ಞಾನವೆನಿಸುವ ಈ ಮಾತಿಗೆ ಕಾಲ್ಮೆಟ್‌ನಂಥ ದೊಡ್ಡ ಹೆಸರಿನ ಎದುರು ನಿಲ್ಲುವ ಧೈರ್ಯ ಬೇಕಿತ್ತು. ಲ್ಯಾಂಬ್‌ನ ಹೆಸರನ್ನು ನಮ್ಮ ಪಠ್ಯಪುಸ್ತಕಗಳು ಎಲ್ಲಿಯೂ ಹೇಳುವುದಿಲ್ಲವೆಂಬುದು ನನ್ನ ತಕರಾರು.

ಮುಂಬಯಿ ಅಂದು ನಮಗೆ ಪರರಾಜ್ಯ. ನಮ್ಮದು ನಿಜಾಮರ ಸೀಮೆ. ಅಲ್ಲಿಯೂ ಅದೇ ದಿನಗಳಲ್ಲಿ ಒಂದು ದೊಡ್ಡ ಶೋಧ ನಡೆದಿತ್ತು. ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡದ್ದು. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ತನ್ನ ತೋಳನ್ನು ಸೊಳ್ಳೆಗಳಿಗೆ ಒಡ್ಡಿದ ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆಯೊಂದಕ್ಕೆ ಒಂದಾಣೆ ಬಂತು. ಲೆಕ್ಕ ಬರೆಯುವವನಾದ್ದರಿಂದ ನನಗೆ ಈ ಎರಡನೆಯ ಬಾಬತ್ತೇ ಹೆಚ್ಚು ನೆನಪಿನಲ್ಲಿರುತ್ತದೆ.

ಹಾವಿಗೆ ಮರಳೋಣ. 1905ರಲ್ಲಿ ಆರಂಭವಾದ ಕಸೌಲಿಯ ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ನಾಗರ ಮತ್ತು ಕೊಳಕುಮಂಡಲ ಎರಡಕ್ಕೂ ನಡೆಯುವ ಪ್ರತಿವಿಷ ತಯಾರಾಗತೊಡಗಿತು. ಉಳಿದೆರಡು ಹಾವುಗಳನ್ನೂ ಸೇರಿಸಿ, ಒಂದೇ ಸೀಸೆಯಲ್ಲಿ ನಾಲ್ಕಕ್ಕೂ ಮದ್ದು ಎಂಬ ಪದ್ಧತಿ ಬೆಳೆದದ್ದು 1940–50ರ ದಶಕಗಳಲ್ಲಿ, ಹಾಫ್ಕಿನ್ ಸಂಸ್ಥೆಯ ಪಾತ್ರ ಅದರಲ್ಲಿ ಮುಖ್ಯ. ಪುಣೆಯ ಹತ್ತಿರದ ಪಿಂಪ್ರಿಯಲ್ಲಿ ಅದರ ಕುದುರೆಗಳು. 1975ರಲ್ಲಿ ತಯಾರಿಕೆಯ ಭಾಗ ಬೇರೆಯಾಗಿ ಮಹಾರಾಷ್ಟ್ರ ಸರಕಾರದ ನಿಗಮವಾಯಿತು.

ತಯಾರಿಸುವ ರೀತಿ ಇಂದಿಗೂ ಮೂಲದಲ್ಲಿ ಕಾಲ್ಮೆಟ್‌ನದೇ. ಹಾವಿನ ಬಾಯಿಯನ್ನು ಗಾಜಿನ ಪಾತ್ರೆಯ ಅಂಚಿಗೆ ಕಚ್ಚಿಸಿ ವಿಷ ಇಳಿಸಿಕೊಳ್ಳುತ್ತಾರೆ. ಅದನ್ನು ಹೆಪ್ಪುಗಟ್ಟಿಸಿ ಒಣಗಿಸಿದರೆ ಹಳದಿ ಪುಡಿ ಉಳಿಯುತ್ತದೆ. ಆ ಪುಡಿಯನ್ನು ಕರಗಿಸಿ, ಕುದುರೆಗೆ ತಡೆದುಕೊಳ್ಳುವಷ್ಟೇ ಅಲ್ಪ ಪ್ರಮಾಣದಿಂದ ಶುರುಮಾಡಿ, ತಿಂಗಳುಗಟ್ಟಲೆ ಏರಿಸುತ್ತ ಚುಚ್ಚುತ್ತಾರೆ. ಕುದುರೆಯ ರಕ್ತ ಸಿದ್ಧವಾದಾಗ ಸ್ವಲ್ಪ ತೆಗೆದು, ಕೆಂಪು ಕಣಗಳನ್ನು ಬೇರ್ಪಡಿಸಿ, ತಿಳಿಯನ್ನು ಶುದ್ಧಿ ಮಾಡಿ ಸೀಸೆಗೆ ತುಂಬುತ್ತಾರೆ. ನಮ್ಮ ದೇಶದ ಮಾನದಂಡದಂತೆ ಒಂದು ಮಿಲಿಲೀಟರ್ ಮದ್ದು 0.6 ಮಿಲಿಗ್ರಾಂ ನಾಗರವಿಷ, 0.6 ಮಿಲಿಗ್ರಾಂ ಕೊಳಕುಮಂಡಲದ ವಿಷ, 0.45 ಮಿಲಿಗ್ರಾಂ ಕಟ್ಟುಹಾವಿನದು, 0.45 ಮಿಲಿಗ್ರಾಂ ಗರಗಸ ಮಂಡಲದ್ದನ್ನು ಅಡಗಿಸಬೇಕು. ಒಂದು ಸೀಸೆಗೆ 10 ಮಿಲಿಲೀಟರ್. ಕೊಳಕುಮಂಡಲ ಒಮ್ಮೆ ಕಚ್ಚಿದಾಗ ಇಳಿಸುವ ವಿಷ ಒಂದೆರಡು ಸೀಸೆಗೆ ಮಣಿಯುವಂಥದ್ದಲ್ಲ. ಅದಕ್ಕೇ ವೈದ್ಯರು ಮೊದಲ ಸಲವೇ ಎಂಟು ಹತ್ತು ಸೀಸೆ ಏರಿಸುತ್ತಾರೆ. 'ಒಂದು ಸೂಜಿಗೆ ಹೋಗಬೇಕಾದ್ದನ್ನು ಹತ್ತು ಸೂಜಿ ಮಾಡಿದರು, ಬಿಲ್ಲಿಗಾಗಿ' ಎಂದು ನಮ್ಮ ಕಡೆ ಗೊಣಗುವವರಿದ್ದಾರೆ. ಲೆಕ್ಕ ಅಷ್ಟೇ, ಅದರಲ್ಲಿ ಮೋಸವಿಲ್ಲ.

ಮದ್ದನ್ನು ದ್ರವರೂಪದಲ್ಲಿಟ್ಟರೆ ಫ್ರಿಜ್ ಬೇಕು. ಒಣಪುಡಿ ಮಾಡಿದರೆ ಬೇಡ. ತಾಸುಗಟ್ಟಲೆ ಕರೆಂಟು ಹೋಗುವ ಮರಾಠವಾಡದ ಆರೋಗ್ಯ ಕೇಂದ್ರಗಳಿಗೆ ಈ ಒಂದು ಸುಧಾರಣೆ ಎಷ್ಟು ಜೀವ ಉಳಿಸಿತೋ ಹೇಳಲಾಗದು.

ವಿಷ ಬರುವುದೆಲ್ಲಿಂದ? ಬಹುಪಾಲು ತಮಿಳುನಾಡಿನಿಂದ. ಇರುಳರೆಂಬ ಬುಡಕಟ್ಟಿನವರು ತಲೆತಲಾಂತರದಿಂದ ಹಾವು ಹಿಡಿದು ಚರ್ಮ ಮಾರಿ ಬದುಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದು, 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಾಗ ಅವರ ಅನ್ನಕ್ಕೆ ಕಲ್ಲು ಬಿತ್ತು. ಉರಗತಜ್ಞ ರೋಮುಲಸ್ ವಿಟೇಕರ್ ಅವರ ಮುಂದಾಳ್ತನದಲ್ಲಿ 1978ರಲ್ಲಿ ಇರುಳರ ಸಹಕಾರ ಸಂಘ ಹುಟ್ಟಿತು. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ ಅವರು ಹಾವುಗಳನ್ನು ಮಣ್ಣಿನ ಮಡಕೆಗಳಲ್ಲಿ ಕೆಲವು ವಾರ ಇಟ್ಟುಕೊಂಡು, ನಾಲ್ಕು ಸಲ ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ಕೊಂದು ಮಾರುತ್ತಿದ್ದ ಹಾವನ್ನೇ ಬದುಕಿಸಿಟ್ಟು ದುಡಿಮೆ ಮಾಡಿದ ಸಹಕಾರ ಸಂಘ ಇದು. ನಮ್ಮ ಕಡೆಯ ಸಹಕಾರಿ ಸಂಘಗಳ ಹಣೆಬರಹ ದಿನಾ ನೋಡುವವನಿಗೆ ಹೊಟ್ಟೆಕಿಚ್ಚಾಗುವ ಸಂಗತಿ.

ಇನ್ನು ನಮ್ಮ ಮೂರು ತಾಲ್ಲೂಕಿನ ಮಾತು. ಬಾಲಾಘಾಟದ ಈ ಕಲ್ಲುನೆಲ, ಎರೆಹೊಲ, ಜೋಳ ತೊಗರಿ ಸೋಯಾಬೀನ್ ಬೆಳೆ, ಕಾಳಿನ ಹಿಂದೆ ಇಲಿ, ಇಲಿಯ ಹಿಂದೆ ಹಾವು. ಪಂಪಿಗೆ ಕರೆಂಟು ಬಹಳ ಸಲ ರಾತ್ರಿಯೇ ಬರುವುದರಿಂದ ರೈತ ಕತ್ತಲಲ್ಲಿ ಬರಿಗಾಲಲ್ಲಿ ನೀರು ಹಾಯಿಸಲು ಹೋಗುತ್ತಾನೆ. ಹೆಂಗಸರು ಕೂತು ಬೆಳೆ ಕೊಯ್ಯುವಾಗ ಕೈ ಬೀಳುವುದು ಹಾವು ಇರುವ ಎತ್ತರದಲ್ಲೇ. ಕಟ್ಟುಹಾವಿನ ಕಥೆ ಬೇರೆ. ಅದು ರಾತ್ರಿ ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುತ್ತದೆ. ಕಚ್ಚಿದ ಜಾಗ ಉರಿಯುವುದಿಲ್ಲ, ಊದುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಏಳುತ್ತಾರೆ, ರೆಪ್ಪೆ ಇಳಿಯುತ್ತದೆ, ಮಾತು ತೊದಲುತ್ತದೆ. ಗಾಳಿ ಸೋಕಿತೆಂದು ತಿಳಿಯುವ ಮನೆಯವರೂ ಇದ್ದಾರೆ. ಸೊಳ್ಳೆಪರದೆ ಇಳಿಬಿಟ್ಟು ಹಾಸಿಗೆಯ ಕೆಳಗೆ ಮಡಚಿ ಮಲಗಿದರೆ ಮಲೇರಿಯಾಕ್ಕೂ ತಡೆ, ಕಟ್ಟುಹಾವಿಗೂ ತಡೆ.

ಪಂಚಮಿಗೆ ನಾವು ಹುತ್ತಕ್ಕೆ ಹಾಲೆರೆದು, ಅಳ್ಳು ತಂಬಿಟ್ಟು ಇಟ್ಟು, ಜೋಕಾಲಿ ಆಡುತ್ತೇವೆ. ತಮ್ಮ ಕಡೆ ನಾಗಬನ, ಸರ್ಪಕಾವು. ಭಕ್ತಿಯಲ್ಲಿ ಯಾರೂ ಕಡಿಮೆಯಿಲ್ಲ. ಕಚ್ಚಿದ ಮೇಲೆ ಮಾತ್ರ ಭಕ್ತಿ ದಾರಿ ತಪ್ಪುತ್ತದೆ. ಹನುಮಪ್ಪನ ಗುಡಿಯ ಮುಂದೆ ಮಲಗಿಸುವುದು, ಬೇವಿನ ಎಲೆ ತಿನ್ನಿಸಿ ಕಹಿ ಹತ್ತಿತೇ ಎಂದು ಕೇಳುವುದು, ಮಂತ್ರ ಹಾಕಿಸುವುದು. ಮಂತ್ರದಿಂದ ಉಳಿದವರಿದ್ದಾರಲ್ಲ ಎಂದು ಹಿರಿಯರು ವಾದಿಸುತ್ತಾರೆ. ಇದ್ದಾರೆ. ಹೊಲದಲ್ಲಿ ಕಚ್ಚುವ ಹಾವುಗಳಲ್ಲಿ ಅನೇಕವು ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಸಲ ವಿಷ ಇಳಿಸದೆ ಬರಿದೇ ಕಚ್ಚುತ್ತದೆ. ಆ ಎಲ್ಲರೂ ಮಂತ್ರದ ಖಾತೆಗೆ ಜಮೆಯಾಗುತ್ತಾರೆ. ಖರ್ಚಿನ ಬದಿ ಯಾರೂ ಬರೆಯುವುದಿಲ್ಲ.

ಆಸ್ಪತ್ರೆಯ ಪರೀಕ್ಷೆ ಇದಕ್ಕಿಂತ ಸರಳ. ಶುಭ್ರವಾದ, ಒಣಗಿದ ಗಾಜಿನ ನಳಿಗೆಯಲ್ಲಿ ರೋಗಿಯ ಸ್ವಲ್ಪ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿದಾಗ ರಕ್ತ ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ದೊಡ್ಡ ಯಂತ್ರ ಬೇಡ, ಹಾವಿನ ಹೆಸರೂ ಬೇಡ. ಸೀಸೆಯಲ್ಲಿ ನಾಲ್ಕೂ ಹಾವಿನ ಮದ್ದು ಇರುವುದರಿಂದ ಹಾವನ್ನು ಹುಡುಕಿ ಕೊಂದು ಚೀಲದಲ್ಲಿ ಹೊತ್ತು ತರುವುದು ವ್ಯರ್ಥ. ಸತ್ತಿತೆಂದುಕೊಂಡ ಹಾವು ಇನ್ನೊಬ್ಬರನ್ನು ಕಚ್ಚುವುದುಂಟು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಇವೂ ಬೇಡ. ಕಚ್ಚಿದ ಕೈಕಾಲನ್ನು ಮುರಿದ ಮೂಳೆಯಂತೆ ಅಲ್ಲಾಡದ ಹಾಗೆ ಇಟ್ಟು ಗಾಡಿ ಹತ್ತಿಸಬೇಕು. ಈ ನಾಲ್ಕು ಮಾತು ಮರಾಠಿ ಫಲಕಗಳಲ್ಲಿ ಇರುತ್ತವೆ. ನಮ್ಮ ಹಳ್ಳಿಗಳ ಕನ್ನಡದ ಅಜ್ಜಿಯರು ಅವನ್ನು ಓದಲಾರರು, ಮತ್ತು ಮನೆಯಲ್ಲಿ ಇಂಥ ಹೊತ್ತಿನಲ್ಲಿ ನಡೆಯುವುದು ಅಜ್ಜಿಯ ಮಾತೇ.

ನನ್ನ ಕೌಂಟರಿನಲ್ಲಿ ಕಂಡದ್ದೊಂದು ಹೇಳುತ್ತೇನೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಖಾತೆಯಿಂದ ವರ್ಷಕ್ಕೆ ಮೊದಲು 12 ರೂಪಾಯಿ, 2022ರ ಜೂನ್‌ನಿಂದ 20 ರೂಪಾಯಿ ಮುರಿದುಕೊಳ್ಳುತ್ತೇವೆ. 18ರಿಂದ 70 ವರ್ಷದೊಳಗಿನವರು ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 2 ಲಕ್ಷ. ಹಾವು ಕಚ್ಚಿ ಸತ್ತರೂ ಅದು ಅಪಘಾತವೇ. ಆದರೆ ಹಾವಿನ ಕಡಿತಕ್ಕೆ ಕೂಡಲೇ ದಾಖಲಾದ ಆಸ್ಪತ್ರೆಯ ಕಾಗದ ಬೇಕು. ಒಬ್ಬ ತಾಯಿ ಮಗನ ಪಾಸ್‌ಬುಕ್ ಹಿಡಿದು ಬಂದಿದ್ದರು. ಯಾವ ಆಸ್ಪತ್ರೆಗೆ ಒಯ್ದಿದ್ದಿರಿ ಅವ್ವಾ ಎಂದೆ. 'ಆಸ್ಪತ್ರಿಗಿ ಎಲ್ಲಿ ಒಯ್ದೇವ ಯಪ್ಪಾ, ಗುಡಿಗಿ ಒಯ್ದಿದ್ವಿ' ಎಂದರು. ಪಂಚನಾಮೆ ಇರಲಿಲ್ಲ, ಶವಪರೀಕ್ಷೆ ಇರಲಿಲ್ಲ. ಅರ್ಜಿ ಬರೆದುಕೊಟ್ಟೆ, ವಾಪಸು ಬಂತು. ಪಾಸ್‌ಬುಕ್ಕಿನಲ್ಲಿ ಆ ವರ್ಷದ ಹಣ ಮುರಿದ ಸಾಲು ಹಾಗೇ ಇತ್ತು.

ಮರಾಠವಾಡ ಈ ಇತಿಹಾಸಕ್ಕೆ ಒಬ್ಬ ದೊಡ್ಡ ವೈದ್ಯನನ್ನು ಕೊಟ್ಟಿದೆ. ಜಾಲನಾ ಜಿಲ್ಲೆಯ ಹಳ್ಳಿಯ ಬಡಕುಟುಂಬದಲ್ಲಿ ಹುಟ್ಟಿದ ಹಿಮ್ಮತರಾವ್ ಬಾವಸ್ಕರ್, ನಾಗಪುರದಲ್ಲಿ ಓದಿ, 1970ರ ದಶಕದಲ್ಲಿ ಕೊಂಕಣದ ಮಹಾಡ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿ ಕೆಂಪು ಚೇಳು ಕುಟುಕಿದ ಮಕ್ಕಳು ಒಂದೇ ರಾತ್ರಿಯಲ್ಲಿ ಬೆವೆತು, ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುತ್ತಿದ್ದರು. ಮಕ್ಕಳ ಪಕ್ಕದಲ್ಲೇ ರಾತ್ರಿಯಿಡೀ ಕುಳಿತು ನಾಡಿ, ರಕ್ತದೊತ್ತಡಗಳನ್ನು ಬರೆದಿಟ್ಟ ಅವರು, ಚೇಳಿನ ವಿಷ ಹೃದಯವನ್ನು ಹೇಗೆ ದಣಿಸುತ್ತದೆಂದು 1982ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ರಕ್ತದೊತ್ತಡಕ್ಕೆ ಕೊಡುವ ಪ್ರಜೋಸಿನ್ ಎಂಬ ಅಗ್ಗದ ಗುಳಿಗೆಯಿಂದಲೇ ಈ ಸಾವನ್ನು ತಡೆಯಬಹುದು ಎಂದು 1986ರಲ್ಲಿ ಅದೇ ಪತ್ರಿಕೆಯಲ್ಲಿ ತಿಳಿಸಿದರು. ತೀವ್ರ ವಿಷವೇರಿದವರಲ್ಲಿ ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ಕೆಲವಕ್ಕೆ ಇಳಿಯಿತು. ಹಾಫ್ಕಿನ್ ಚೇಳಿಗೂ ಪ್ರತಿವಿಷ ತಯಾರಿಸಿತು. ಎರಡನ್ನೂ ಜೊತೆಗೆ ಕೊಟ್ಟರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆಂದು 2011ರಲ್ಲಿ ಬಾವಸ್ಕರ್ ದಂಪತಿ ಪ್ರಕಟಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಹಳೆಯ ಕಲ್ಲುಮಣ್ಣಿನ ಗೋಡೆಗಳ ಸಂದಿಯಲ್ಲಿ ಚೇಳು ಇಲ್ಲದ ಮನೆ ಇರಲಿಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಆ ಗೋಡೆಗಳು ಉರುಳಿದ ಮೇಲಷ್ಟೇ ಉಮರ್ಗಾ, ಔಸಾ ಕಡೆ ಸಿಮೆಂಟಿನ ಮನೆಗಳು ಹೆಚ್ಚಿದವು. ಚೇಳಿಗೆ ಮಲಯಾಳದಲ್ಲಿ ತೇಳ್ ಎನ್ನುತ್ತಾರಂತೆ. ಇಷ್ಟು ಹತ್ತಿರದ ಹೆಸರು ನಮಗೆ ಮರಾಠಿಯ ವಿಂಚುವಿನಲ್ಲಿ ಸಿಗದು.

ಹಾವಿನಿಂದ ಎಷ್ಟು ಜನ ಸಾಯುತ್ತಾರೆ ಎಂಬ ಲೆಕ್ಕವೇ ಬಹುಕಾಲ ಸರಿಯಾಗಿರಲಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಸತ್ತವರಷ್ಟೇ ಲೆಕ್ಕಕ್ಕೆ ಸಿಗುತ್ತಿದ್ದರು. ಗುಡಿಯ ಮುಂದೆ ಸತ್ತವರನ್ನು ಯಾರು ಎಣಿಸಿದರು? ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿ ನಡೆಸಿದ ಅಧ್ಯಯನವೊಂದು, 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಅಂದಾಜು ಮಾಡಿತು. ಅರ್ಧದಷ್ಟು ಸಾವು ಮಳೆಗಾಲದ ತಿಂಗಳುಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವಿನ ಕಡಿತವನ್ನು ಅಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ, ಪ್ರತಿಯೊಂದು ಹಾವಿನ ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ವಿಧಿಸಿತು. ಮಾರ್ಚಿನಲ್ಲಿ ಕೇಂದ್ರ ಸರಕಾರ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಯೋಜನೆ ಹೊರಡಿಸಿತು.

ಪರೇಲಿನ ಲ್ಯಾಂಬ್ ಎತ್ತಿದ ಪ್ರಶ್ನೆಯೂ ಈಗ ಮತ್ತೆ ಎದ್ದಿದೆ, ಈ ಸಲ ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ 2019ರಿಂದ ಪ್ರಕಟಿಸುತ್ತಿರುವ ಅಧ್ಯಯನಗಳಂತೆ, ಬೇರೆ ಜಾತಿಯ ಹಾವು ಬಿಡಿ, ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ತಮಿಳುನಾಡಿನ ಹಾವುಗಳ ವಿಷದಿಂದ ಮಾಡಿದ ಮದ್ದು ದೇಶದ ಬೇರೆ ಮೂಲೆಗಳ ಹಾವಿನ ವಿಷವನ್ನು ಅಷ್ಟೇ ಚೆನ್ನಾಗಿ ಹಿಡಿಯುವುದಿಲ್ಲ. ನಾಲ್ಕರ ಪಟ್ಟಿಯಲ್ಲಿಲ್ಲದ ವಿಷದ ಹಾವುಗಳೂ ಇವೆ. ಹಾಗೆಂದು ಇರುವ ಮದ್ದನ್ನು ಬೇಡವೆನ್ನುವಂತಿಲ್ಲ. ಬೇರೆ ಮದ್ದೂ ಇಲ್ಲ.

ಪಟ್ಟಿಯಲ್ಲಿಲ್ಲದ ಹಾವುಗಳಲ್ಲಿ ಒಂದು ನಮ್ಮ ಬಯಲುಸೀಮೆಯಲ್ಲಿ ಇಲ್ಲ, ತಮ್ಮಲ್ಲಿದೆ. ಪಶ್ಚಿಮ ಘಟ್ಟದ ತಪ್ಪಲಿನ ತೋಟಗಳಲ್ಲಿ, ತರಗೆಲೆಯಲ್ಲಿ ಮಲಗುವ, ಮೂತಿಯ ತುದಿ ಮೇಲಕ್ಕೆ ಉಬ್ಬಿದ ಗೇಣುದ್ದದ ಮಂಡಲ. ಮಲಯಾಳದಲ್ಲಿ ಕುಳಿಮಂಡಲಿಗಳ ಗುಂಪಿಗೆ ಸೇರಿಸುತ್ತಾರೆ. ಅದರ ಕಡಿತದಿಂದಲೂ ರಕ್ತ ಹೆಪ್ಪುಗಟ್ಟದೆ, ಮೂತ್ರಪಿಂಡ ಕೆಟ್ಟು ಜೀವಕ್ಕೆ ಅಪಾಯವಾಗುತ್ತದೆಂದು ಕೇರಳದ ವೈದ್ಯರು 2007ರಲ್ಲಿ ಪ್ರಮಾಣ ಸಹಿತ ವರದಿ ಮಾಡಿದರು. ಬಹುಕಾಲ ಅದನ್ನು ಗರಗಸ ಮಂಡಲವೆಂದೇ ತಿಳಿದು ಸೀಸೆಗಟ್ಟಲೆ ಪ್ರತಿವಿಷ ಏರಿಸುತ್ತಿದ್ದರು, ಗುಣ ಕಾಣುತ್ತಿರಲಿಲ್ಲ. ನಾಲ್ಕು ಹಾವಿನ ಸೀಸೆ ಅದಕ್ಕೆ ನಡೆಯುವುದಿಲ್ಲ. ಆದ್ದರಿಂದ ಅಡಿಕೆ ತೋಟದಲ್ಲಿ ಕಚ್ಚಿದ ಸಣ್ಣ ಹಾವು ಕಣ್ಣಿಗೆ ಬಿದ್ದಿದ್ದರೆ, ಅಪಾಯವಿಲ್ಲದಷ್ಟು ದೂರದಿಂದ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡು ಹೋಗಿ. ವೈದ್ಯರು ಮಲಯಾಳದಲ್ಲಿ ಕೇಳಿದರೂ, ತಾವು ಕನ್ನಡದಲ್ಲಿ ಹೇಳಿದರೂ, ಚಿತ್ರ ಎರಡೂ ಕಡೆ ಒಂದೇ.